ಕಾವಲುಗಾರನನ್ನು ಬದಿಗೆ ಸರಿಸಿ ನೋಡುವ ಪರೀಕ್ಷೆ

ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ರಕ್ತಹೀನತೆಯೂ ಕಾಡುವುದುಂಟು. ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಎಲುಬಿನ ಮಜ್ಜೆಗೆ ಸೂಚನೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಪ್ರೋಟೀನು ಹುಟ್ಟುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿಯೇ. ಜೀವಕೋಶಗಳಲ್ಲಿ ಬೆಳೆಸಿ ತೆಗೆದ ಈ ಪ್ರೋಟೀನಿಗೆ ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ದೊರೆಯಿತು. ಪದೇ ಪದೇ ರಕ್ತ ಪಡೆಯುವ ಕಷ್ಟ ಅನೇಕರಿಗೆ ತಪ್ಪಿತು.

ಮೊದಲ ತಲೆಮಾರಿನ ಈ ಔಷಧದ ಸೀಸೆಯೊಂದರ ಲೆಕ್ಕ ನೋಡಿ. 4,000 ಯೂನಿಟ್ಟಿನ ಒಂದು ಮಿಲಿಲೀಟರಿನಲ್ಲಿ ಔಷಧ ಸುಮಾರು 0.03 ಮಿಲಿಗ್ರಾಂ ಮಾತ್ರ. ಜೊತೆಗಿದ್ದ ಆಲ್ಬುಮಿನ್ 2.5 ಮಿಲಿಗ್ರಾಂ, ಅಂದರೆ ಸುಮಾರು ಎಂಬತ್ತು ಪಟ್ಟು! ಇಷ್ಟೇಕೆ? ಪ್ರೋಟೀನುಗಳಿಗೆ ಗಾಜಿಗೆ ಅಂಟಿಕೊಳ್ಳುವ ಸ್ವಭಾವವಿದೆ. ಇಷ್ಟು ಅಲ್ಪ ಔಷಧ ಸೀಸೆಯ ಗೋಡೆಗೆ ಅಂಟಿದರೆ ರೋಗಿಗೆ ಉಳಿಯುವುದೇನು? ಆಲ್ಬುಮಿನ್ ತಾನೇ ಮೊದಲು ಅಂಟಿಕೊಂಡು ಔಷಧವನ್ನು ಕಾಯುತ್ತದೆ.

ಆದರೆ ಗುಣಮಟ್ಟ ಪರೀಕ್ಷಿಸುವಾಗ ಈ ಕಾವಲುಗಾರನೇ ಅಡ್ಡ. ಅತಿನೇರಳೆ ಬೆಳಕು ಹಾಯಿಸಿದರೆ ಎರಡು ಪ್ರೋಟೀನುಗಳೂ ಅದನ್ನು ಹೀರುತ್ತವೆ. ದೊಡ್ಡ ದನಿಯಲ್ಲಿ ಸಣ್ಣ ದನಿ ಮುಚ್ಚಿಹೋಗುತ್ತದೆ. ಗಾತ್ರ ನೋಡಿ ಬೇರ್ಪಡಿಸೋಣವೆಂದರೆ ಅದೂ ಸುಲಭವಲ್ಲ. ಆಲ್ಬುಮಿನ್ನಿನ ಅಣುತೂಕ ಸುಮಾರು 66,500, ಔಷಧದ್ದು ಸುಮಾರು 30,000. ಆದರೂ ಔಷಧದ ಮೈಮೇಲಿನ ಸಕ್ಕರೆಯ ಸರಪಳಿಗಳು ನೀರಿನಲ್ಲಿ ಹರಡಿಕೊಂಡು, ಅದು ತನ್ನ ತೂಕಕ್ಕಿಂತ ದಪ್ಪನಾಗಿ ವರ್ತಿಸುತ್ತದೆ.

ಇದಕ್ಕೊಂದು ಉಪಾಯವುಂಟು. ಔಷಧವನ್ನು ಮಾತ್ರ ಗುರುತಿಸುವ ಪ್ರತಿಕಾಯಗಳನ್ನು ಸಣ್ಣ ಮಣಿಗಳಿಗೆ ಅಂಟಿಸಿ ಕೊಳವೆಯಲ್ಲಿ ತುಂಬುತ್ತಾರೆ. ದ್ರಾವಣ ಹರಿದಾಗ ಔಷಧ ಸಿಕ್ಕಿಕೊಳ್ಳುತ್ತದೆ, ಆಲ್ಬುಮಿನ್ ತೊಳೆದುಹೋಗುತ್ತದೆ. ಆಮೇಲೆ ಆಮ್ಲೀಯ ದ್ರಾವಣ ಹಾಯಿಸಿ ಔಷಧವನ್ನು ಬಿಡಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ಆ ಆಮ್ಲವೇ ಪ್ರೋಟೀನನ್ನು ಕೆಡಿಸಿ ಗಂಟುಕಟ್ಟಿಸಬಹುದು. ಆಗ ಕಂಡ ದೋಷ ಔಷಧದ್ದೋ, ಪರೀಕ್ಷೆಯದ್ದೋ? ಇದನ್ನು ತಿಳಿಯಲು, ಚೆನ್ನಾಗಿದೆಯೆಂದು ಮೊದಲೇ ಖಚಿತಪಟ್ಟ ಶುದ್ಧ ಔಷಧಕ್ಕೆ ಆಲ್ಬುಮಿನ್ ಬೆರೆಸಿ, ಅದೇ ಕೊಳವೆಯಲ್ಲಿ ಹಾಯಿಸಿ ಹೋಲಿಸಬೇಕು. ಶಾಲೆಯ ಪ್ರಯೋಗದಲ್ಲಿ ಹೋಲಿಕೆಗೆಂದು ಇನ್ನೊಂದು ಪ್ರನಾಳ ಇಡುತ್ತಾರಲ್ಲ, ಇದೂ ಅದೇ.

ಕಾವಲುಗಾರನನ್ನೇ ಕೈಬಿಟ್ಟರಾಗದೆ? ಮಾನವ ರಕ್ತದಿಂದ ಸೋಂಕು ಬರಬಹುದೆಂಬ ಭಯದಿಂದ ಯುರೋಪಿನಲ್ಲಿ 1998ರಲ್ಲಿ ಈ ಬಗೆಯ ಒಂದು ಔಷಧದಿಂದ ಆಲ್ಬುಮಿನ್ ತೆಗೆದು, ಪಾಲಿಸಾರ್ಬೇಟ್ 80 ಮತ್ತು ಗ್ಲೈಸಿನ್ ಸೇರಿಸಿದರು. ಮುಂದಿನ ವರ್ಷಗಳಲ್ಲಿ ಕೆಲವು ರೋಗಿಗಳ ದೇಹ ಔಷಧದ ವಿರುದ್ಧವೇ ಪ್ರತಿಕಾಯ ತಯಾರಿಸಿತು. ಅವು ದೇಹದ ಸ್ವಂತ ಎರಿತ್ರೊಪೊಯೆಟಿನ್ನನ್ನೂ ತಡೆದವು. ಕೆಂಪುಕಣಗಳ ಉತ್ಪಾದನೆ ಬಹುತೇಕ ನಿಂತೇಹೋಯಿತು. ರಬ್ಬರು ಮುಚ್ಚಳದಿಂದ ಇಳಿದ ವಸ್ತುವೇ, ಗಂಟುಕಟ್ಟಿದ ಪ್ರೋಟೀನೇ ಎಂಬ ಚರ್ಚೆ ನಡೆಯಿತು. ಮುಚ್ಚಳಕ್ಕೆ ಲೇಪ ಕೊಟ್ಟು, ತಂಪಿನಲ್ಲಿಡುವ ಕ್ರಮ ಬಿಗಿಗೊಳಿಸಿ, ಚರ್ಮದಡಿಯ ಬದಲು ರಕ್ತನಾಳಕ್ಕೆ ಚುಚ್ಚಲು ತೊಡಗಿದ ಮೇಲೆ ಪ್ರಕರಣಗಳು ತೀರ ಇಳಿದವು.

ಸೀಸೆಯಲ್ಲಿ ಬೆರೆಸಿದ್ದು ಯಾವುದೂ ಕೇವಲ ಬೆರಕೆಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಇಂಥ ಚುಚ್ಚುಮದ್ದನ್ನು ಮನೆಗೆ ತರುವವರು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿಡಿ, ಹೆಪ್ಪುಗಟ್ಟಿಸಬೇಡಿ, ಕುಲುಕಬೇಡಿ ಎಂಬ ಸೂಚನೆಯನ್ನು ಕಡೆಗಣಿಸಬಾರದು. ಪ್ರಯೋಗಶಾಲೆಯಲ್ಲಿ ಅಷ್ಟು ಶ್ರಮಪಟ್ಟು ಪರೀಕ್ಷಿಸಿದ ಪ್ರೋಟೀನು ಮನೆಯವರ ಕೈಯಲ್ಲಿ ಕೆಡಬಾರದಲ್ಲವೆ?