ಇಪ್ಪತ್ತೊಂದನೆಯ ದಿನ

ಹಿಂಸೆಗೆ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ ಎಂದು ನಮ್ಮ ಶಾಸ್ತ್ರಕಾರರು ಸಾರಿದ್ದಾರೆ. ಬಾಲ್ಯದಿಂದ ಕೇಳುತ್ತ ಬಂದ ಈ ಮಾತಿನ ಅರ್ಥ ನನಗಾದದ್ದು ಬ್ಯಾಡಗಿಯ ನನ್ನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ.

1996ರಲ್ಲಿ ನಮ್ಮಲ್ಲಿ ದುಡಿಯುತ್ತಿದ್ದ ಹಮಾಲನೊಬ್ಬನ ಊರು ವರದಾ-ತುಂಗಭದ್ರೆಯರ ಸಂಗಮದ ಗಳಗನಾಥ. ಅಲ್ಲಿದ್ದ ಅವನ ಹನ್ನೊಂದು ವರ್ಷದ ಮಗಳಿಗೆ ಗಂಟಲುನೋವು ಬಂದು ತಾನಾಗಿಯೇ ಶಮನವಾಯಿತು. ಮೂರು ವಾರಗಳ ತರುವಾಯ ಜ್ವರ ಬಂದಿತು. ಮೊಣಕಾಲು ಬಾತಿತು, ಅದು ಇಳಿಯುತ್ತಲೇ ಮೊಣಕೈ ಹಿಡಿಯಿತು. ವೈದ್ಯರು ರುಮ್ಯಾಟಿಕ್ ಜ್ವರವೆಂದರು. ಗಂಟಲಿಗೆ ತಗುಲಿದ ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವನ್ನು ಎದುರಿಸಹೊರಟ ದೇಹದ ರಕ್ಷಣಾಶಕ್ತಿಯು ಗುರಿತಪ್ಪಿ ತನ್ನವೇ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಬಾಧಿಸುವ ವ್ಯಾಧಿಯಿದು. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ಕೀಲುನೋವು ಗುರುತುಳಿಸದೆ ಹೋಗುತ್ತದೆ. ಕವಾಟದ ಗಾಯ ಉಳಿಯಬಹುದು, ಜ್ವರ ಮರುಕಳಿಸಿದಂತೆಲ್ಲ ಬೆಳೆಯುತ್ತದೆ. ಆದುದರಿಂದ ಪ್ರತಿ 21 ದಿನಕ್ಕೊಮ್ಮೆ ಬೆಂಜಾಥೀನ್ ಪೆನಿಸಿಲಿನ್ ಚುಚ್ಚುಮದ್ದು ತಪ್ಪಕೂಡದೆಂದು ವೈದ್ಯರು ವಿಧಿಸಿದರು.

ಮುಂದೆ ಸುಗ್ಗಿ ಬಂದಿತು. ಮಗಳನ್ನು ಹಾವೇರಿಗೆ ಕರೆದೊಯ್ಯಲು ರಜೆ ಬೇಡಿದ ಅವನಿಗೆ, "ಹುಡುಗಿ ಆರಾಮ ಅದಾಳಲ್ಲೋ, ಸುಗ್ಗಿ ಮುಗೀಲಿ, ಆಮ್ಯಾಲೆ ಹೋದರಾತು" ಎಂದೆ. ವಾಣಿಜ್ಯ ಪದವೀಧರನಾದ ನಾನು ಹುಂಡಿಯ ವಾಯಿದೆಯನ್ನು ಒಂದು ದಿನವೂ ಮೀರಿದವನಲ್ಲ. ಆದರೆ ಆ ಮಗುವಿನ ಮೂರು ವಾಯಿದೆಗಳು ನನ್ನ ಒಂದು ಮಾತಿನಿಂದ ತಪ್ಪಿಹೋದವು. ಜ್ವರ ಮರಳಿತು. ಕೆಲವು ವರ್ಷಗಳಲ್ಲಿ, ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ಏದುಸಿರು. ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ, ಎದೆ ಕೊಯ್ಯದೆಯೇ ಕವಾಟವನ್ನು ಹಿಗ್ಗಿಸಿದರು. ಕವಾಟ ತೀರ ಕೆಟ್ಟಿದ್ದರೆ ಕೃತಕ ಕವಾಟವೇ ಗತಿಯಾಗುತ್ತಿತ್ತು. ವೆಚ್ಚವನ್ನು ನಾನು ಕೊಟ್ಟಾಗ ಜನ ದಾನವೆಂದರು. ನನ್ನ ಲೆಕ್ಕದಲ್ಲಿ ಅದು ಬಡ್ಡಿ ಮಾತ್ರ. ಅಸಲು ಇನ್ನೂ ಬಾಕಿಯಿದೆ.

ಬಲೂನಿನಿಂದ ರೋಗ ಮುಗಿಯಲಿಲ್ಲ, ಚುಚ್ಚುಮದ್ದು ಮುಂದುವರಿಯಿತು. ಹೃದಯಕ್ಕೆ ತಗುಲಿರದಿದ್ದರೂ ಕನಿಷ್ಠ 5 ವರ್ಷ, ತಗುಲಿದ್ದರೆ 10 ವರ್ಷ ಅಥವಾ ಅದಕ್ಕೂ ಹೆಚ್ಚು, ಕೆಲವರಿಗೆ ಜೀವನಪರ್ಯಂತ ಅದು ಬೇಕಾಗುತ್ತದೆ. ಅಂದಿನಿಂದ ನಮ್ಮ ಕಿರ್ದಿಯ ಮೊದಲ ಪುಟದಲ್ಲಿ ಅವಳ ಚುಚ್ಚುಮದ್ದಿನ ತಾರೀಖುಗಳನ್ನು ಬರೆಯುತ್ತ ಬಂದಿದ್ದೇನೆ. ಆ ದಿನ ಅವಳ ತಂದೆಗೆ ಕೇಳದೆಯೇ ರಜೆ.

ಧರ್ಮಬಂಧುಗಳೇ, ಪ್ರತಿಯೊಂದು ಗಂಟಲುನೋವೂ ಈ ರೋಗವಲ್ಲ. ಯಾವುದು ಹೌದೆಂದು ನಿರ್ಣಯಿಸಬೇಕಾದವರು ವೈದ್ಯರು. ಸಕಾಲಕ್ಕೆ ಪೆನಿಸಿಲಿನ್ ದೊರೆತರೆ ಜ್ವರವೇ ಬಾರದಂತೆ ತಡೆಯಬಹುದು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ನಮ್ಮ ಬಸದಿಗಳ ಟ್ರಸ್ಟುಗಳು, ಊರಿನ ಇಂಥ ಮಕ್ಕಳ ತಾರೀಖುಗಳಿಗಾಗಿ ಒಂದು ವಹಿಯನ್ನು ತೆರೆಯಲಿ. ಔಷಧದ ಬೆಲೆ ಅಲ್ಪ. ನಾವು ಕೊಡಬೇಕಾದದ್ದು ಎಚ್ಚರ.