ಹಳ್ಳ ಬಂದೈತಿ

ಬೆಂಗಳೂರಿನವರ ಬಾಯಲ್ಲಿ ಹಳ್ಳವೆಂದರೆ ಗುಂಡಿ. ರಸ್ತೆ ಹಳ್ಳ ಬಿದ್ದಿದೆ, ಯಾರೋ ಯಾರನ್ನೋ ಹಳ್ಳಕ್ಕೆ ಕೆಡವಿದರು, ಕೈಹಾಕಿದ ಕೆಲಸ ಹಳ್ಳ ಹಿಡಿಯಿತು. ಧಾರವಾಡ, ಗದಗಿನ ಕಡೆ ಇದೇ ಹಳ್ಳ ಹರಿಯುತ್ತದೆ. ಹರಿಯುವುದಷ್ಟೇ ಅಲ್ಲ, ಬರುತ್ತದೆ. ಊರಲ್ಲಿ ಒಂದು ಹನಿ ಬಿದ್ದಿರುವುದಿಲ್ಲ, ಮೇಲೆಲ್ಲೋ ಮಳೆ ಹೊಡೆದಿರುತ್ತದೆ. ದಂಡೆಯಲ್ಲಿ ನಿಂತವರು ‘ಹಳ್ಳ ಬಂದೈತಿ, ಈಗ ದಾಟಬ್ಯಾಡ್ರಿ’ ಎಂದು ಕೂಗುತ್ತಾರೆ. ನೀರು ಬಂತು ಎನ್ನುವವರಿಲ್ಲ, ಬಂದದ್ದು ಹಳ್ಳವೇ.

ಎರಡೂ ಅರ್ಥಗಳಿಗೆ ಬೇರು ಒಂದೇ. ಹಿಂದಿನ ರೂಪ ಪಳ್ಳ. ತಮಿಳಿನಲ್ಲಿ ಇಂದಿಗೂ ಪಳ್ಳಂ ಎಂದರೆ ತಗ್ಗು. ನೀರು ತಗ್ಗು ಹುಡುಕಿಕೊಂಡು ಹೋಯಿತು, ತಗ್ಗಿನ ಹೆಸರೇ ನೀರಿಗೂ ನಿಂತಿತು.

ಹಳ್ಳಗಳ ಹೆಸರೆಂದರೆ ನನಗೆ ಬಲು ಪ್ರೀತಿ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ, ನವಲಗುಂದದ ಎರೆಹೊಲಗಳನ್ನು ಹಾದು ಮಲಪ್ರಭೆಗೆ ಸೇರುವುದು ಬೆಣ್ಣಿಹಳ್ಳ. ಅದನ್ನು ಕೂಡಿಕೊಳ್ಳುವುದು ತುಪ್ಪರಿಹಳ್ಳ. ಸಂಡೂರಿನಲ್ಲಿ ನಾರಿಹಳ್ಳ, ಕೊಪ್ಪಳದಲ್ಲಿ ಹಿರೇಹಳ್ಳ. ದೊಡ್ಡ ನದಿಗಳಿಗೆ ಪುರಾಣದ ಹೆಸರು ಸಂದವು, ಇವಕ್ಕೆ ಮನೆಮಂದಿ ಕರೆದ ಹೆಸರೇ ಉಳಿಯಿತು. ಹಾಗೆಂದು ಬೆಣ್ಣಿಹಳ್ಳವನ್ನು ಮೆತ್ತಗೆಂದು ತಿಳಿಯಬಾರದು; ಉಕ್ಕಿತೆಂದರೆ ಪೀಕೆಲ್ಲ ನೀರುಪಾಲು.

ಬೇಸಿಗೆಯ ಹಳ್ಳದ ಕಥೆಯೇ ಬೇರೆ. ಮೇಲೆ ಬರೀ ಉಸುಕು. ಹೆಣ್ಣುಮಕ್ಕಳು ಕೂತು ಮೊಣಕೈ ಆಳ ಉಸುಕು ತೋಡುತ್ತಾರೆ, ಅದೇ ವರ್ತಿ. ಮೊದಲು ಬಂದ ಕದಡಿದ ನೀರನ್ನು ಗೋರಿ ಚೆಲ್ಲಿ, ತುಸು ಹೊತ್ತು ಸುಮ್ಮನೆ ಕಾಯುತ್ತಾರೆ. ತಳದಲ್ಲಿ ತಿಳಿನೀರು ಜಿನುಗುತ್ತದೆ. ಬಟ್ಟಲಿಂದ ಮೊಗೆದು ಮೊಗೆದು ಕೊಡ ತುಂಬಿಸಬೇಕು. ಒಣಗಿದೆ ಎಂದು ನಾವು ನೋಡುವ ಹಳ್ಳ ಒಳಗೊಳಗೇ ಹರಿಯುತ್ತಿರುತ್ತದೆ. ಲಾರಿಗಟ್ಟಲೆ ಉಸುಕು ಎತ್ತಿದ ಮೇಲೆ ಈ ನೀರು ನಿಲ್ಲುವುದಾದರೂ ಎಲ್ಲಿ?

ಕಂದಾಯದ ಕಡತದಲ್ಲಿ ಹಳ್ಳ ‘ಬಿ ಖರಾಬು’ ಲೆಕ್ಕಕ್ಕೆ ಸೇರುತ್ತದೆ: ಸಾಗುವಳಿಗಲ್ಲದ, ಸಾರ್ವಜನಿಕರ ನೆಲ. ಅದರಲ್ಲಿ ‘ಸಾರ್ವಜನಿಕ’ ಎಂಬುದು ಮರೆತುಹೋಗಿ ‘ಖರಾಬು’ ಎಂಬುದಷ್ಟೇ ಜನರ ಮನಸ್ಸಿನಲ್ಲಿ ಉಳಿದಿದೆ. ಹಾಗಾಗಿಯೇ ಒತ್ತುವರಿ, ಹಾಗಾಗಿಯೇ ಊರ ಕಸವೆಲ್ಲ ಅಲ್ಲಿಗೆ. ನನಗಿದು ನಿಜಕ್ಕೂ ಸಂಕಟದ ಸಂಗತಿ. ಕೊಪ್ಪಳದವರು ಮಾತ್ರ 2019ರಲ್ಲಿ ಗವಿಮಠದ ಸ್ವಾಮಿಗಳ ಜೊತೆ ಹಿರೇಹಳ್ಳಕ್ಕೆ ಇಳಿದು ಹೂಳು, ಗಿಡಗಂಟಿ ತೆಗೆದರು.