ಊರಿಗೆ ಹೋಗದ ರಜೆ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ರಜೆಯೆಂದರೆ ಊರು, ಊರೆಂದರೆ ರಜೆ. ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾದರೂ ನಾವು ದಂಪತಿಗಳು ಈ ಪಟ್ಟಣವನ್ನು ನೋಡಬೇಕೆಂದು ಹೊರಟು ನೋಡಿದ್ದೇ ಇಲ್ಲ. ನೆಂಟರು ಬಂದಾಗ ಅವರೊಡನೆ ತಿರುಗಿದ್ದುಂಟು. ಆದರೆ ಆಗೆಲ್ಲ ನಮ್ಮ ಗಮನ ಅವರ ಚೀಲದ ಮೇಲೆ, ಮಕ್ಕಳ ಮೇಲೆ. ಈ ವರ್ಷ ಬಾಗಲಕೋಟೆಯ ಕಡೆಯ ನಮ್ಮ ಹಿರಿಯರ ಮನೆ ಪಾಲಾಗಿ ಮಾರಾಟವಾಯಿತು. ನಮ್ಮವರಿಗೆ ಸಿಕ್ಕ ನಾಲ್ಕು ದಿನದ ರಜೆಗೆ ಹೋಗಲು ಊರೇ ಇಲ್ಲದಂತಾಯಿತು. ಎರಡು ದಿನ ಮನೆಯಲ್ಲೇ ಮಂಕಾಗಿ ಕಳೆದೆವು. ಮೂರನೆಯ ದಿನ ಬೆಳಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬಯಿ ನೋಡಲು ಹೊರಟೆವು.

ಹಿಂದಿನ ವಿಕ್ಟೋರಿಯಾ ಟರ್ಮಿನಸ್, ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ನಮ್ಮವರು ಕಚೇರಿಗೆಂದು ನಿತ್ಯ ಇಳಿಯುವ ನಿಲ್ದಾಣ. ಅಂದು ಮಾತ್ರ ರಸ್ತೆಯ ಆಚೆ ನಿಂತು ಅದನ್ನು ನೋಡಿದರು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆ. 1878ರಲ್ಲಿ ಆರಂಭವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಗಿಲ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕುಳಿತಿವೆ. “ಈ ಹುಲಿ ಯಾವಾಗ ಬಂತು ಇಲ್ಲಿಗೆ?” ಎಂದರು. “ನಿಮಗಿಂತ ನೂರು ವರ್ಷ ಮೊದಲೇ ಬಂದೈತ್ರಿ” ಎಂಬ ಉತ್ತರ ಕೇಳಿ ಇಬ್ಬರೂ ನಕ್ಕೆವು. ಮನೆ ಮಾರಿದ ಮೇಲೆ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಅಲ್ಲಿಂದ ನಡೆದುಕೊಂಡೇ ಕಾಲಾಘೋಡಾದ ವಸ್ತುಸಂಗ್ರಹಾಲಯಕ್ಕೆ ಹೋದೆವು. 1905ರಲ್ಲಿ ಅಡಿಗಲ್ಲು ಬಿದ್ದು 1922ರಲ್ಲಿ ಜನರಿಗೆ ತೆರೆದ ಈ ಕಟ್ಟಡ ಜಾರ್ಜ್ ವಿಟೆಟ್ ಅವರದು. ಅದರ ಗುಮ್ಮಟಕ್ಕೆ ಮಾದರಿ 1656ರ ನಮ್ಮ ವಿಜಾಪುರದ ಗೋಳಗುಮ್ಮಟ! ಒಳಗೆ ಶಿಲ್ಪಗಳ ನಡುವೆ ಬ್ರಹ್ಮ, ವಿಷ್ಣು, ಶಿವರನ್ನು ಕೆತ್ತಿದ ಮೂರು ದೊಡ್ಡ ಚಪ್ಪಡಿಗಳಿವೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಮಾಳಿಗೆಯಲ್ಲಿದ್ದವು, ಬಾದಾಮಿ ಚಾಲುಕ್ಯರ ಕಾಲದವು. ಬಾಲ್ಯದಲ್ಲಿ ಐಹೊಳೆಯ ಗುಡಿಗಳಲ್ಲಿ ಕಣ್ಣಾಮುಚ್ಚಾಲೆ ಆಡಿದ ನಮ್ಮವರು ಅವುಗಳ ಮುಂದೆ ಬಹಳ ಹೊತ್ತು ನಿಂತರು. “ಇವೂ ಊರು ಬಿಟ್ಟು ಬಂದಾವ ನೋಡ” ಎಂದರು. “ಬಂದರೂ ಮುಖ ಬಾಡಿಲ್ಲಲ್ಲರಿ” ಎಂದಾಗ ಸುಮ್ಮನೆ ತಲೆಯಾಡಿಸಿದರು.

ಸಮೀಪದಲ್ಲೇ ಗೇಟ್‌ವೇ ಆಫ್ ಇಂಡಿಯಾ. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ ಈ ಕಮಾನು ಮುಗಿದದ್ದು 1924ರಲ್ಲಿ. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯ ಹಡಗು ಹತ್ತಿದ್ದೂ ಇದರಡಿಯಿಂದಲೇ. ದೊರೆಯನ್ನು ಬರಮಾಡಿಕೊಳ್ಳಲು ಕಟ್ಟಿದ ಬಾಗಿಲು ಬೀಳ್ಕೊಡಲೂ ಉಪಯೋಗಕ್ಕೆ ಬಂತು.

ಹೊಟ್ಟೆ ಹಸಿದಿತ್ತು. ಮತ್ತೆ ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳಿದೆವು. ನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ನಾವೋ ಜೋಳದ ರೊಟ್ಟಿಯ ಕಡೆಯವರು. ಬಾಳೆಲೆ, ಅನ್ನ, ಸಾರು ನಮ್ಮ ತವರಿನ ದಿನದೂಟವಲ್ಲ. ಆದರೂ ಮುಂಬಯಿಗೆ ಬಂದ ಹೊಸತರಲ್ಲಿ ಕನ್ನಡದಲ್ಲಿ “ಇನ್ನೊಂದು ಸ್ವಲ್ಪ ಬಡಿಸಲೇ?” ಎಂದು ಕೇಳಿದವರು ಉಡುಪಿಯ ಹೋಟೆಲಿನವರೇ. ಪಕ್ಕದ ಮೇಜಿನ ಗುಜರಾತಿ ದಂಪತಿಗಳು ಎಲೆಯ ಮೇಲೆ ಸಾರು ಹರಿಯದಂತೆ ಅನ್ನದ ಕಟ್ಟೆ ಕಟ್ಟಿದ ಜಾಣತನ ನೋಡಿದರೆ, ಅವರಿಗೆ ಇದು ಮೊದಲ ಊಟವಲ್ಲವೆಂದು ತಿಳಿಯಿತು.

ಸಂಜೆಯ ಆಟಕ್ಕೆ ಪಕ್ಕದ ದಾದರಿನ ಶಿವಾಜಿ ಮಂದಿರದಲ್ಲಿ ಟಿಕೆಟು ತೆಗೆದಿದ್ದೆವು. 1965ರಿಂದ ಮರಾಠಿ ನಾಟಕಗಳು ನಡೆಯುತ್ತ ಬಂದಿರುವ ರಂಗಮಂದಿರವಿದು. ಆ ರಂಗಭೂಮಿಯ ಕಥೆಯಲ್ಲೂ ಕನ್ನಡನಾಡಿನ ಪಾತ್ರವುಂಟು. ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಮೆಚ್ಚಿದ ಅಲ್ಲಿಯ ಅರಸರು ಅಂಥದೇ ಆಟವನ್ನು ಮರಾಠಿಯಲ್ಲಿ ಮಾಡಿಸಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ನಾವು ನೋಡಿದ್ದು ಇಂದಿನ ಒಂದು ಸಂಸಾರದ ಕಥೆ. ನಡುವೆ ಬಿಡುವಿನಲ್ಲಿ ಬಿಸಿ ಬಟಾಟೆ ವಡೆ. ಇಷ್ಟು ವರ್ಷ ಮರಾಠಿ ನಮಗೆ ಕಾಯಿಪಲ್ಲೆ ಕೊಳ್ಳುವ ಭಾಷೆಯಾಗಿತ್ತು. ಅಂದು ಅದೇ ಭಾಷೆ ನಮ್ಮಿಬ್ಬರ ಕಣ್ಣನ್ನೂ ಒದ್ದೆ ಮಾಡಿತು.

ಒಂದು ದಿನದ ತಿರುಗಾಟದಿಂದ ಮನೆ ಹೋದ ನೋವು ಮಾಯುವುದಿಲ್ಲ. ಆದರೆ ಬರುವ ವರ್ಷ ನಿವೃತ್ತಿಯಾದ ಮೇಲೆ ಎಲ್ಲಿರಬೇಕೆಂಬ ಮಾತನ್ನು, ರಾತ್ರಿಯ ಲೋಕಲಿನಲ್ಲಿ ಕುಳಿತು ನಾವು ಮೊದಲ ಬಾರಿ ಸಮಾಧಾನದಿಂದ ಆಡಿದೆವು. ಊರಲ್ಲಿ ಮನೆಯುಳ್ಳ ಓದುಗರು ಅವಶ್ಯ ಊರಿಗೆ ಹೋಗಿರಿ, ಹಿರಿಯರಿರುವಾಗಲೇ ಹೋಗಿರಿ. ಆದರೆ ರಜೆಯಲ್ಲಿ ಒಂದು ದಿನವನ್ನು ನಿಮಗೆ ಅನ್ನ ಕೊಟ್ಟ ಪಟ್ಟಣಕ್ಕೂ ತೆಗೆದಿಡಿರಿ, ಮಕ್ಕಳನ್ನೂ ಕರೆದೊಯ್ಯಿರಿ. ನಮಗಂತೂ ಇನ್ನೊಂದು ದಿನ ಉಳಿದಿತ್ತು. ಅದನ್ನು ರಾಣಿಬಾಗಿಗೆ ಕೊಟ್ಟೆವು.